ಕೇಳುವವರು ಎಲ್ಲಿ ಕೂತಿದ್ದಾರೆ?

1

ನಮ್ಮ ಕೇರಿಗಳಿಗೆ ಪ್ರಶ್ನೆಗಳೇನೂ ಹೊಸವಲ್ಲ. ಮಹಾರಾಜರ ಕಾಲದ ಖಾನೇಷುಮಾರಿಯವರು ಬಂದು ಕೇಳಿದರು. ಕಂದಾಯದವರು ಕೇಳಿದರು. ಪೊಲೀಸರು ಕೇಳಿದರು. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಬಂದ ಜಾನಪದದ ವಿದ್ವಾಂಸರು ಕೇಳಿದರು. ಜೀಪಿನಲ್ಲಿ ಬಂದ ಸಂಸ್ಥೆಗಳವರು ಕೇಳಿದರು. ಏನು ಉಣ್ಣುತ್ತೀರಿ, ಯಾವ ದೇವರಿಗೆ ನಡಕೊಳ್ಳುತ್ತೀರಿ, ಹುಟ್ಟಿದ್ದೆಷ್ಟು, ಸತ್ತದ್ದೆಷ್ಟು ಎಂದು ಕೇಳಿದರು. ನಮ್ಮವರು ಕೂಲಿ ಬಿಟ್ಟು ಕೂತು ಹೇಳಿದರು. ಕೇಳಿದವರಿಗೆ ಪದವಿ ಬಂತು, ಬಡ್ತಿ ಬಂತು, ಪುಸ್ತಕ ಬಂತು. ಹೇಳಿದವರು ಹೇಳಿದ ಜಾಗದಲ್ಲೇ ಉಳಿದರು.

ಈಗ ಕೇಳುವ ರೀತಿ ಬದಲಾಗಿದೆ. 2020ರಲ್ಲಿ ಕೊರೋನಾ ಬಂದು ಹಾದಿಗಳೆಲ್ಲ ಮುಚ್ಚಿದಾಗ ಸಂಶೋಧಕರು ಫೋನು ಹಿಡಿದರು. ಅದು ಆಗಿನ ಅನಿವಾರ್ಯ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹಾದಿ ತೆರೆದ ಮೇಲೂ ಅನೇಕರು ಮತ್ತೆ ಬಸ್ಸು ಹತ್ತಲಿಲ್ಲ. ವಾಟ್ಸಾಪ್‌ನಲ್ಲಿ ಒಂದು ಲಿಂಕು, ಗೂಗಲ್ ಫಾರಂ ಒಂದು, ಜೂಮ್‌ನಲ್ಲಿ ಮುಕ್ಕಾಲು ಗಂಟೆ—ಅಲ್ಲಿಗೆ ಕ್ಷೇತ್ರಕಾರ್ಯ ಮುಗಿಯಿತು. ಬೆಂಗಳೂರಿನ, ದೆಹಲಿಯ, ಕೆಲವೊಮ್ಮೆ ಕಡಲಾಚೆಯ ಕೋಣೆಯಲ್ಲಿ ಕೂತು ಚಾಮರಾಜನಗರದ ಕೇರಿಯನ್ನೂ ಗುಂಡ್ಲುಪೇಟೆಯ ಕಾಡಂಚಿನ ಹಾಡಿಯನ್ನೂ 'ಅಧ್ಯಯನ' ಮಾಡಬಹುದೆಂಬ ಧೈರ್ಯ ಬಂದಿದೆ.

ಸೆಮಿನಾರುಗಳಲ್ಲಿ ಇದರ ಬಗ್ಗೆ ಚರ್ಚೆಯೂ ನಡೆಯುತ್ತಿದೆ. ಗುಣಾತ್ಮಕ ಸಂಶೋಧನೆ ಅಂದರೆ ತಲೆ ಎಣಿಸುವ ಕೆಲಸವಲ್ಲ. ಜನ ಹೇಗೆ ಬದುಕುತ್ತಾರೆ, ಬದುಕಿದ್ದನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂಬುದನ್ನು ಅವರ ಮಾತಿನಲ್ಲೇ ಸಾವಧಾನವಾಗಿ ಕೇಳಿ ತಿಳಿಯುವ ಕೆಲಸ. ಹಾಗೆ ಕೇಳಲು ಎದುರು ಕೂತು ಮಾಡುವ ಸಂದರ್ಶನ ಮೇಲೋ, ಆನ್‌ಲೈನ್ ಸಂದರ್ಶನ ಮೇಲೋ ಎಂಬುದು ಚರ್ಚೆ. ವಿಧಾನದ ಪುಸ್ತಕಗಳು ಎರಡು ಕಾಲಂ ಎಳೆಯುತ್ತವೆ. ಎದುರು ಕೂತರೆ ಮುಖಭಾವ ಕಾಣುತ್ತದೆ, ನಂಬಿಕೆ ಬೆಳೆಯುತ್ತದೆ, ಪರಿಸರ ತಿಳಿಯುತ್ತದೆ. ಆದರೆ ಖರ್ಚು, ಓಡಾಟ, ದಿನಗಟ್ಟಲೆ ಕೆಲಸ. ಆನ್‌ಲೈನ್ ಆದರೆ ಖರ್ಚು ಕಮ್ಮಿ, ದೂರದವರೂ ಸಿಗುತ್ತಾರೆ, ಹೇಳುವವರು ತಮ್ಮ ಮನೆಯಲ್ಲೇ ನಿರಾಳವಾಗಿ ಇರುತ್ತಾರೆ, ಮಾತು ತಾನಾಗಿ ದಾಖಲಾಗುತ್ತದೆ. ಆದರೆ ನೆಟ್‌ವರ್ಕ್ ತೊಂದರೆ. ಕೊನೆಗೆ, ಎರಡಕ್ಕೂ ಅದರದರ ಗುಣದೋಷಗಳಿವೆ ಎಂದು ಬರೆದು ಅಧ್ಯಾಯ ಮುಗಿಸುತ್ತಾರೆ.

ಈ ಎರಡು ಕಾಲಂಗಳಲ್ಲಿ ಎಲ್ಲಿಯೂ ಜಾತಿಗೆ ಜಾಗವಿಲ್ಲ. ಇದೇ ನಮ್ಮ ಮೊದಲ ತಕರಾರು. ತಮ್ಮ ಮನೆಯಲ್ಲೇ ನಿರಾಳ ಅನ್ನುತ್ತಾರಲ್ಲ, ಎಷ್ಟು ಕೋಣೆಯ ಮನೆ? ಪರಿಸರ ತಿಳಿಯುತ್ತದೆ ಅನ್ನುತ್ತಾರಲ್ಲ, ಯಾವ ಬೀದಿಯ ಪರಿಸರ? 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯಲ್ಲಿ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ನೂರರಲ್ಲಿ ಹನ್ನೊಂದಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡದವರು. ಅಕ್ಷರ ಬಲ್ಲವರು ನೂರಕ್ಕೆ 61. ಇಂಥ ನೆಲದಲ್ಲಿ ನಿಂತು ನೋಡಿದರೆ ಆ ಚರ್ಚೆಯ ಪ್ರಶ್ನೆಯೇ ಬೇರೆಯಾಗುತ್ತದೆ. ಮಾತು ರಸ್ತೆಯಲ್ಲಿ ಬಂತೋ ತಂತಿಯಲ್ಲಿ ಬಂತೋ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು: ಕೇಳುವವರು ಎಲ್ಲಿ ಕೂತಿದ್ದಾರೆ? ಜೊತೆಯಲ್ಲಿ ಇನ್ಯಾರು ಕೇಳಿಸಿಕೊಳ್ಳುತ್ತಿದ್ದಾರೆ? ಹೇಳಿದ ಮಾತು ಆಮೇಲೆ ಯಾರ ಕೈಯಲ್ಲಿ ಉಳಿಯುತ್ತದೆ?

2

ಎದುರು ಕೂತು ಕೇಳುವುದರ ಬೆಲೆ ಏನೆಂದು ನಮ್ಮ ಸೀಮೆಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಇದು ಮಾದೇಶ್ವರನ ನೆಲ, ಮಂಟೇಸ್ವಾಮಿಯ ನೆಲ. ಕಂಸಾಳೆಯವರು, ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಕತೆ ಹಾಡಿದ ನೆಲ. ಇಲ್ಲಿ ಕತೆ ಹೇಳುವವನಿಗೆ ಹೂಂಗುಟ್ಟುವವನು ಬೇಕು. ಮುಂದಿನವನು ಒಂದು ಸೊಲ್ಲು ಬಿಟ್ಟರೆ ಹಿಂದಿನವನು ಅದನ್ನು ಎತ್ತಿಕೊಳ್ಳಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಹೂಂ ಅನ್ನುವುದು ಬರೀ ಶಬ್ದವಲ್ಲ. ನಾನಿಲ್ಲೇ ಇದ್ದೀನಿ, ನೀನು ಹೇಳಿದ್ದು ನನಗೆ ನಾಟಿತು, ಮುಂದೆ ಹೋಗು ಎಂಬ ಭರವಸೆ. ನಮ್ಮ ಅಜ್ಜಿಯರು ಕಷ್ಟ ಹೇಳಿಕೊಳ್ಳುವುದೂ ಹೀಗೆಯೇ. ಒಂದು ಮಾತು ಹೇಳಿ ನಿಲ್ಲುತ್ತಾರೆ, ಎದುರಿನವರ ಮುಖ ನೋಡುತ್ತಾರೆ, ಎಲೆಗೆ ಸುಣ್ಣ ಸವರುತ್ತಾರೆ. ಆ ನಿಂತ ಹೊತ್ತಿನಲ್ಲಿ ಅವಸರ ಮಾಡದೆ ಕೂತವರಿಗೆ ಮಾತ್ರ ಮುಂದಿನ ಮಾತು ಸಿಗುತ್ತದೆ.

ಆನ್‌ಲೈನಿನಲ್ಲಿ ಮೊದಲು ಸಾಯುವುದು ಈ ಹೂಂ. ಅಲ್ಲಿಯವರ ಹೂಂ ಇಲ್ಲಿಗೆ ತಲುಪುವಷ್ಟರಲ್ಲಿ ಇಲ್ಲಿಯವರು ಮಾತು ನಿಲ್ಲಿಸಿ, ಕೇಳಿಸ್ತಾ, ಕೇಳಿಸ್ತಾ ಅನ್ನುತ್ತಿರುತ್ತಾರೆ. ಸದ್ದು ಬರಬಾರದೆಂದು ಸಂಶೋಧಕರು ತಮ್ಮ ಕಡೆಯ ಮೈಕು ಮುಚ್ಚಿಬಿಟ್ಟರಂತೂ ಹೇಳುವವರು ಗೋಡೆಗೆ ಹೇಳಿದಂತೆ. ಗೋಡೆಗೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಉತ್ತರಗಳು ಗಿಡ್ಡವಾಗುತ್ತವೆ. ಎಲ್ಲಾ ಚೆನ್ನಾಗದ, ತೊಂದ್ರ ಏನಿಲ್ಲ, ಆಯ್ತು ಬುದ್ದಿ—ಅಲ್ಲಿಗೆ ಮುಗಿಯಿತು. ಅದನ್ನೇ ನೆಚ್ಚಿಕೊಂಡು, ಇಲ್ಲಿಯ ಜನ ತೃಪ್ತರಾಗಿದ್ದಾರೆ ಎಂದು ಬರೆದವರು ನಮ್ಮ ತೃಪ್ತಿಯನ್ನು ಬರೆಯುತ್ತಿಲ್ಲ, ತಮ್ಮ ನೆಟ್‌ವರ್ಕನ್ನು ಬರೆಯುತ್ತಿದ್ದಾರೆ.

ಎರಡನೆಯದು ಕಣ್ಣಿನ ಮಾತು. ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ 2022ರ ನವೆಂಬರ್ 18ರಂದು ಏನು ನಡೆಯಿತೆಂದು ದೇಶವೇ ಓದಿದೆ. ಮದುವೆಗೆಂದು ಬಂದ ನಮ್ಮ ಹೆಣ್ಣುಮಗಳೊಬ್ಬಳು ಲಿಂಗಾಯತರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ಆ ತೊಂಬೆಯ ನೀರು ಚೆಲ್ಲಿ, ಗಂಜಲ ಹಾಕಿ ತೊಳೆದರು. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಬಂದು ಊರಿನ ನಲ್ಲಿಗಳಲ್ಲಿ ನಮ್ಮವರಿಗೆ ನೀರು ಕುಡಿಸಿದರು. ಸುದ್ದಿಯನ್ನು ಊರಾಚೆ ದಾಟಿಸಿದ್ದರಲ್ಲಿ ಮೊಬೈಲಿನ ಪಾಲು ದೊಡ್ಡದು, ಅದನ್ನು ಒಪ್ಪುತ್ತೇವೆ. ಆದರೆ ಈ ಘಟನೆಗೆ ಒಂದು ತಿಂಗಳ ಮುಂಚೆ ಯಾರಾದರೂ ಆ ಕಡೆಯ ಹಳ್ಳಿಗಳಿಗೆಲ್ಲ ಗೂಗಲ್ ಫಾರಂ ಕಳಿಸಿ, ನಿಮ್ಮೂರಿನಲ್ಲಿ ಅಸ್ಪೃಶ್ಯತೆ ಇದೆಯೇ, ಹೌದು, ಇಲ್ಲ, ಹೇಳಲಾರೆ ಎಂದು ಕೇಳಿದ್ದರೆ ಏನು ಉತ್ತರ ಬರುತ್ತಿತ್ತು? ಊರೊಳಗೆ ನಡೆದು ಬಂದವನಿಗೆ ಕೇಳುವ ಮೊದಲೇ ಒಂದು ಪ್ರಶ್ನೆ ಕಾಣುತ್ತದೆ. ತೊಂಬೆ ಎಲ್ಲೆಲ್ಲಿ ನಿಂತಿದೆ? ಯಾವ ತೊಂಬೆಗೆ ಯಾರು ಬಿಂದಿಗೆ ಹಿಡಿಯುತ್ತಾರೆ? ಕೇರಿಯ ಚರಂಡಿ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹೋಟೆಲಿನ ಮುಂದೆ ಯಾರು ನಿಂತು ಕುಡಿಯುತ್ತಾರೆ, ಯಾರು ಒಳಗೆ ಕೂರುತ್ತಾರೆ? ಪರದೆಯ ಮೇಲೆ ಒಂದು ಮುಖ ಮಾತ್ರ ಕಾಣುತ್ತದೆ. ನಮ್ಮ ಸಂಕಟ ಮುಖದಲ್ಲಿಲ್ಲ. ಮನೆ ಯಾವ ದಿಕ್ಕಿಗಿದೆ ಎಂಬುದರಲ್ಲಿದೆ.

3

ಇಷ್ಟು ಹೇಳಿದ ಮೇಲೆ, ಹಾಗಾದರೆ ಎದುರು ಕೂರುವುದೇ ಸರಿ ಎಂದು ಯಾರಾದರೂ ಚಪ್ಪಾಳೆ ತಟ್ಟಿದರೆ ನಾವು ತಡೆಯುತ್ತೇವೆ. ಎದುರು ಬಂದವರೆಲ್ಲ ನಮ್ಮ ಎದುರು ಬಂದವರಲ್ಲ.

ಕನ್ನಡ ನೆಲದ ಹಳ್ಳಿಯ ಬಗ್ಗೆ ಜಗತ್ತಿನ ವಿಶ್ವವಿದ್ಯಾನಿಲಯಗಳು ಓದುವ ಪುಸ್ತಕ ಎಂ.ಎನ್. ಶ್ರೀನಿವಾಸರದು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಟಿಪ್ಪಣಿಗಳು ಸುಟ್ಟಾಗ ನೆನಪಿನಿಂದಲೇ 'ದಿ ರಿಮೆಂಬರ್ಡ್ ವಿಲೇಜ್' ಬರೆದು 1976ರಲ್ಲಿ ಹೊರತಂದರು. ಅವರ ದುಡಿಮೆಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅವರು ಇಳಿದುಕೊಂಡದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಅವರು ಬ್ರಾಹ್ಮಣರು, ಪಟೇಲರ ಅತಿಥಿ. ಅಲ್ಲಿಂದ ಕಾಣುವಷ್ಟು ಊರು ಅವರಿಗೆ ಕಂಡಿತು. ಕೇರಿ ದೂರದಿಂದ ಕಂಡಿತು. ತಮ್ಮ ನೋಟ ಮೇಲ್ಜಾತಿಯ ಕಡೆಗೆ ವಾಲಿದೆ ಎಂಬುದನ್ನು ಅವರೇ ಆ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಅದು ಅವರ ದೊಡ್ಡತನ. ನಾವು ಕಲಿಯಬೇಕಾದ ಪಾಠ ಇಷ್ಟು: ತಿಂಗಳುಗಟ್ಟಲೆ ಊರಿನಲ್ಲೇ ಇದ್ದರೂ ಕೇರಿಗೆ ಬರದೇ ಇರಬಹುದು. ಜೂಮ್ ಇಲ್ಲದ ಕಾಲದಲ್ಲೂ ಕೇರಿ ಆಫ್‌ಲೈನೇ ಆಗಿತ್ತು.

ಇವತ್ತಿಗೂ ಎಷ್ಟೋ ಸಂಶೋಧಕರು ಬರುವುದು ಹೇಗೆ? ಪಂಚಾಯ್ತಿ ಆಫೀಸಿಗೆ ಬರುತ್ತಾರೆ. ಅಲ್ಲಿಂದ ಊರ ಪ್ರಮುಖರೊಬ್ಬರು ಜೊತೆಯಾಗುತ್ತಾರೆ. ಪ್ರಮುಖರ ಜಗಲಿಯ ಮೇಲೆ ಕುರ್ಚಿ ಹಾಕುತ್ತಾರೆ. ಕೇರಿಗೆ ಆಳು ಹೋಗುತ್ತಾನೆ. ನಮ್ಮವರು ಬಂದು ಜಗಲಿಯ ಕೆಳಗೆ ನಿಲ್ಲುತ್ತಾರೆ. ಸಂಶೋಧಕರು ಮೃದುವಾಗಿ, ಭಯ ಪಡಬೇಡಿ, ಏನಿದ್ದರೂ ಹೇಳಿ ಅನ್ನುತ್ತಾರೆ. ಯಾರ ಹೊಲಕ್ಕೆ ನಾಳೆ ಬೆಳಿಗ್ಗೆ ಕೂಲಿಗೆ ಹೋಗಬೇಕೋ ಅವರ ಜಗಲಿಯ ಕೆಳಗೆ ನಿಂತು ಏನು ಹೇಳುವುದು? ಮುಖಭಾವ ಕಾಣುತ್ತದೆ ನಿಜ. ಆದರೆ ಆ ಮುಖ ಸಂಶೋಧಕರನ್ನು ನೋಡುತ್ತಿಲ್ಲ, ಅವರ ಹೆಗಲ ಹಿಂದೆ ಕೂತವರನ್ನು ನೋಡುತ್ತಿದೆ.

ಎದುರುಬದುರು ಅನ್ನುವುದು ಎಷ್ಟು ಭಯಂಕರವಾಗಬಹುದೆಂದು ಕಂಬಾಲಪಲ್ಲಿ ತೋರಿಸಿದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಅದೇ ಊರಲ್ಲಿ ಬದುಕಬೇಕಾದವರು ಕೋರ್ಟಿನಲ್ಲಿ ಎದುರು ನಿಂತು ಮಾತಾಡುವುದೆಂದರೆ ಏನೆಂದು ಯಾವ ವಿಧಾನದ ಪುಸ್ತಕ ಬರೆದಿದೆ? ಎದುರು ಕೂತರೆ ನಂಬಿಕೆ ಬೆಳೆಯುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದು ದಾಟಿಹೋಗುವವರು ಒಮ್ಮೆ ಕಂಬಾಲಪಲ್ಲಿಯನ್ನು ನೆನೆಯಬೇಕು.

ನಮ್ಮ ಸಾಹಿತ್ಯಕ್ಕೆ ಇದು ಗೊತ್ತಿತ್ತು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಹುಕಾರನ ಕಡಲೆಕಾಯಿ ಕಳುವಾಗುತ್ತದೆ, ಸಾಕವ್ವನ ಮನೆಗೆ ಪೊಲೀಸರು ಬರುತ್ತಾರೆ. ಅವರೂ ಎದುರು ನಿಂತೇ ಕೇಳುತ್ತಾರೆ, ಮನೆಯ ಮೂಲೆ ಮೂಲೆ ನೋಡುತ್ತಾರೆ. ವಿಧಾನದ ಪುಸ್ತಕದ ಪ್ರಕಾರ ಇದಕ್ಕಿಂತ ಹತ್ತಿರದ ಕ್ಷೇತ್ರಕಾರ್ಯ ಇಲ್ಲ. ಆದರೆ ಆ ಮನೆಯಲ್ಲಿ ಹಿಂದಿನ ರಾತ್ರಿ ಇಡೀ ಸಂಸಾರ ಒಲೆ ಮುಂದೆ ಕೂತು ಕಡಲೆಕಾಯಿ ತಿಂದ ಸಂಭ್ರಮ ಪೊಲೀಸರಿಗೆ ಎಂದಿಗೂ ಸಿಗುವುದಿಲ್ಲ. ಓದುವ ನಮಗೆ ಸಿಗುತ್ತದೆ. ಯಾಕೆ? ಬರೆದವರು ಆ ಒಲೆಯ ಮುಂದೆ ಕೂತು ಬರೆದರು. ಪೊಲೀಸರು ಸಾಹುಕಾರನ ಕಡೆಯಿಂದ ಬಂದರು. ಒಂದೇ ಮನೆ, ಅದೇ ಜನ. ಕೂತ ಜಾಗ ಬೇರೆ, ಸಿಕ್ಕ ಸತ್ಯ ಬೇರೆ.

4

ಈಗ ಫೋನಿಗೆ ಬರೋಣ. ಆನ್‌ಲೈನ್ ಸಂದರ್ಶನದವರು ಮೊದಲು ಹೇಳುವ ಮಾತು, ಇದರಿಂದ ದೂರದವರನ್ನೂ ತಲುಪಬಹುದು ಎಂದು. ಯಾರಿಂದ ದೂರ? ಪೇಟೆಯ ಸಂಶೋಧಕರಿಗೆ ಅಮೆರಿಕದ ಕನ್ನಡಿಗ ಹತ್ತಿರವಾದ, ನಿಜ. ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರ ಅಜ್ಜಿ ಹತ್ತಿರವಾದಳೆ? ಬಂಡೀಪುರದ ಅಂಚಿನ ಹಾಡಿಯ ಜೇನುಕುರುಬರ ಹೆಂಗಸು ಹತ್ತಿರವಾದಳೆ? ಸಿಗ್ನಲ್ ಹುಡುಕಿ ಬೋರೆ ಹತ್ತಬೇಕಾದ ಜಾಗಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಬೋರೆ ಹತ್ತಿ ನಿಂತು ಯಾವ ಹೆಂಗಸು ತನ್ನ ಮನೆಯ ಒಳಗುದಿಯನ್ನು ಹೇಳುತ್ತಾಳೆ?

ಲೆಕ್ಕ ಬೇಕಾದವರಿಗೆ ಲೆಕ್ಕವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ದೇಶದಲ್ಲಿ ನೂರಕ್ಕೆ 33, ಗಂಡಸರಲ್ಲಿ 57. ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ನೂರಕ್ಕೆ 54. ಅಂದರೆ ಲಿಂಕು ಕಳಿಸಿದ ಕ್ಷಣದಲ್ಲೇ ಸಂಶೋಧನೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಬಾಗಿಲು ಹಾಕಿರುತ್ತದೆ. ಬಾಗಿಲಾಚೆ ಉಳಿದವರು ಯಾರೆಂದು ಬೇರೆ ಹೇಳಬೇಕೆ?

ಫೋನು ಇದ್ದ ಮನೆಯ ಕತೆ ಏನು? ಕೇರಿಯ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನು ಒಂದೇ. ಅದು ಮಗನ ಕೈಯಲ್ಲೋ ಗಂಡನ ಜೇಬಿನಲ್ಲೋ ಇರುತ್ತದೆ. ಅವ್ವನಿಗೆ ಫೋನು ಬಂದರೆ ಮಗ ಹಿಡಿದುಕೊಳ್ಳುತ್ತಾನೆ, ಸ್ಪೀಕರ್ ಹಾಕುತ್ತಾನೆ, ಮೇಡಂ ಕೇಳ್ತಾವ್ರ ಹೇಳವ್ವ ಅನ್ನುತ್ತಾನೆ. ಅತ್ತೆ ಕೇಳಿಸಿಕೊಳ್ಳುತ್ತಾಳೆ, ಪಕ್ಕದ ಮನೆಯವರು ಬಂದು ನಿಲ್ಲುತ್ತಾರೆ. ಪರದೆಯ ಆ ಕಡೆ ಇರುವವರಿಗೆ ಒಬ್ಬಳೇ ಕಾಣುತ್ತಾಳೆ. ಈ ಕಡೆ ಹತ್ತು ಕಿವಿ ಇರುತ್ತವೆ. ಎದುರು ಕೂತಿದ್ದರೆ ಕನಿಷ್ಠ, ಸ್ವಲ್ಪ ಹೊತ್ತು ನಮ್ಮಿಬ್ಬರನ್ನೇ ಬಿಡಿ ಎಂದು ಹೇಳಬಹುದಿತ್ತು. ಸೌದೆಗೆ ಹೋಗುವಾಗ, ಬಟ್ಟೆ ಒಗೆಯುವಾಗ ಜೊತೆಗೆ ಹೋಗಿ ಮಾತಾಡಬಹುದಿತ್ತು. ಹೆಂಗಸರ ನಿಜವಾದ ಮಾತು ಮನೆಯೊಳಗಲ್ಲ, ಆ ಹಾದಿಯಲ್ಲಿ ಇರುತ್ತದೆ.

ಇನ್ನು ಭಾಷೆ. ಮಾತನ್ನು ಯಂತ್ರವೇ ಬರಹ ಮಾಡಿಕೊಡುತ್ತದೆ ಎಂದು ಹಿಗ್ಗುತ್ತಾರೆ. ಯಂತ್ರ ಕಲಿತದ್ದು ಪತ್ರಿಕೆಯ ಕನ್ನಡ, ಪೇಟೆಯ ಕನ್ನಡ. ನಮ್ಮ 'ಅದ' 'ಇದೆ' ಆಗುತ್ತದೆ, ನಮ್ಮ 'ನನಗ' 'ನನಗೆ' ಆಗುತ್ತದೆ. ಅಷ್ಟೇ ಆದರೆ ಸಹಿಸಬಹುದು. ಗೊತ್ತಾಗದ ಮಾತನ್ನು ಅದು ಬಿಟ್ಟುಬಿಡುತ್ತದೆ ಅಥವಾ ತನಗೆ ಗೊತ್ತಿರುವ ಬೇರೊಂದು ಮಾತನ್ನು ತಂದು ಕೂರಿಸುತ್ತದೆ. ಇದೇ ನಂಜನಗೂಡು-ಚಾಮರಾಜನಗರ ಸೀಮೆಯ ಕನ್ನಡದಲ್ಲಿ 1984ರಲ್ಲಿ 'ಕುಸುಮಬಾಲೆ' ಬಂದಾಗ ಅರ್ಥವಾಗದು ಎಂದು ಗೊಣಗಿದವರಿದ್ದರು. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯದಲ್ಲಿ ನಾವು ಗೆದ್ದ ಭಾಷೆಯನ್ನು ಸಂಶೋಧನೆಯಲ್ಲಿ ಯಂತ್ರದ ಕೈಗೆ ಕೊಟ್ಟು ಸೋಲುವುದೆ? ಜಾನಪದದವರು ಹೇಳಿದವರನ್ನು ವಕ್ತೃ ಎಂದರು, ಸಮಾಜಶಾಸ್ತ್ರದವರು ಮಾಹಿತಿದಾರ ಎಂದರು. ಮಾಹಿತಿದಾರ ಅನ್ನುವುದು ಪೊಲೀಸರ ಮಾತೂ ಹೌದು. ಈಗ ಹೆಸರೂ ಬೇಡ, ದನಿಯೂ ಬೇಡ. ಒಂದು ಕಡತ, ಒಂದು ನಂಬರು ಸಾಕು.

5

ಹಾಗಾದರೆ ಆನ್‌ಲೈನ್ ನಮ್ಮ ಶತ್ರುವೆ? ಅಲ್ಲ. ಇಲ್ಲಿ ನಾವು ನಮ್ಮದೇ ಚಳವಳಿಯ ಕೆಲವು ಗೆಳೆಯರ ಜೊತೆ ಜಗಳ ಆಡಬೇಕಾಗಿದೆ. ಮೊಬೈಲು ಬಂಡವಾಳಶಾಹಿಯ ಆಟಿಕೆ, ಕೇರಿಗೆ ಕಾಲ್ನಡಿಗೆಯೇ ಸತ್ಯ ಎನ್ನುವವರು 2025ರ ಸಮೀಕ್ಷೆಗಳನ್ನು ಸರಿಯಾಗಿ ನೋಡಬೇಕು. ಅವು ತಲೆ ಎಣಿಸುವ ಸಮೀಕ್ಷೆಗಳು, ನಾವು ಹೇಳುತ್ತಿರುವ ಆಳದ ಸಂದರ್ಶನಗಳಲ್ಲ. ಆದರೆ ಕೇಳುವುದು ಹೇಳುವುದು ಏನೆಂಬುದನ್ನು ಅವು ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ 5ರಿಂದ ಪರಿಶಿಷ್ಟ ಜಾತಿಗಳ ಮನೆಮನೆ ಸಮೀಕ್ಷೆ ನಡೆಸಿತು. ಮೇಷ್ಟ್ರುಗಳೇ ಮೊಬೈಲ್ ಆ್ಯಪ್ ಹಿಡಿದು ಬಂದರು. ಆಮೇಲೆ ವಿಶೇಷ ಶಿಬಿರಗಳು, ಆನ್‌ಲೈನಿನಲ್ಲಿ ಸ್ವಯಂಘೋಷಣೆ—ಹೀಗೆ ಮೂರು ಬಾಗಿಲು ತೆರೆದವು. ಕೇಳಿದ ಮುಖ್ಯ ಪ್ರಶ್ನೆ ಒಂದೇ: ನಿನ್ನ ಮೂಲ ಜಾತಿ ಯಾವುದು? ಹೊಲೆಯರಿಗೂ ಮಾದಿಗರಿಗೂ ಆದಿ ಕರ್ನಾಟಕ ಎಂಬ ಒಂದೇ ಹೆಸರಿನಲ್ಲಿ ಸರ್ಟಿಫಿಕೇಟು ಇರುವ ನಾಡಿನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ.

ಅದೇ ಪ್ರಶ್ನೆ ಎರಡು ಜಾಗದಲ್ಲಿ ಎರಡು ಪ್ರಶ್ನೆಯಾಗುತ್ತದೆ. ನಮ್ಮ ಕೇರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಭಯವಿಲ್ಲ, ಊರಿಗೆಲ್ಲ ಗೊತ್ತಿರುವುದೇ. ಆದರೆ ಎ.ಕೆ. ಅಂದರೆ ಜಾತಿಯಲ್ಲವಂತೆ, ಹಾಗಾದರೆ ಏನು ಬರೆಸುವುದು, ಬರೆಸಿದರೆ ಮಗಳ ಸರ್ಟಿಫಿಕೇಟು ಕೆಡುತ್ತದೆಯೆ ಎಂಬ ಗೊಂದಲವಿದೆ. ಈ ಗೊಂದಲ ಬಿಡಿಸಲು ಎದುರು ಕೂರಬೇಕು. ಕೇಳಬೇಕು, ತಿಳಿಸಬೇಕು, ಎದುರುಮಾತು ಸಹಿಸಬೇಕು. ಫಾರಂ ತಿಳಿಸಿ ಹೇಳುವುದಿಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಜಾತಿ ಮುಚ್ಚಿಟ್ಟು ಬಾಡಿಗೆ ಮನೆ ಹಿಡಿದಿರುವ ನಮ್ಮ ಹುಡುಗಿಗೆ ಗೊಂದಲವಿಲ್ಲ, ಭಯವಿದೆ. ಸಮೀಕ್ಷೆಯವರು ಬಾಗಿಲಲ್ಲಿ ನಿಂತು ಕೇಳುವಾಗ ಮೆಟ್ಟಿಲ ಮೇಲೆ ಮನೆ ಓನರಮ್ಮ ನಿಂತಿರುತ್ತಾರೆ. ಆ ಹುಡುಗಿ ಏನು ಹೇಳಬೇಕು? ಅವಳಿಗೆ ಎದುರು ಬಂದ ಮೇಷ್ಟ್ರು ಅಪಾಯ. ರಾತ್ರಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ತಾನೇ ತುಂಬುವ ಸ್ವಯಂಘೋಷಣೆಯೇ ಬಿಡುಗಡೆ.

ಇದರಿಂದ ನಮಗೆ ತಿಳಿಯುವುದೇನು? ಏನು ಹೇಳಬೇಕೆಂದು ಈಗಾಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಅದನ್ನು ಬಾಯಿಬಿಡಲು ಮಾತ್ರ ಜಾಗವಿಲ್ಲದವರಿಗೆ ಆನ್‌ಲೈನ್ ಜಾಗ ಕೊಡುತ್ತದೆ. ಏನು ಹೇಳಬೇಕೆಂಬುದನ್ನು ಮಾತಾಡುತ್ತಾ ಆಡುತ್ತಾ ಕಂಡುಕೊಳ್ಳಬೇಕಾದವರಿಗೆ ಎದುರಿನ ಮನುಷ್ಯ ಬೇಕು. ಊರು ಬಿಟ್ಟು ಗಾರ್ಮೆಂಟ್ಸ್ ಸೇರಿದ ಹೆಣ್ಣುಮಗಳು ಊರಿನ ಯಜಮಾನನ ಬಗ್ಗೆ ಫೋನಿನಲ್ಲಿ ಹೇಳಬಲ್ಲಳು. ಊರಿನ ಜಗಲಿಯ ಕೆಳಗೆ ಹೇಳಲಾರಳು. ಊರಲ್ಲೇ ಉಳಿದ ಅವಳ ಅವ್ವನಿಗೆ ಅದನ್ನೇ ಹೇಳಲು ಸೌದೆಯ ಹಾದಿ ಬೇಕು. ಒಂದೇ ಮನೆಯ ಇಬ್ಬರು ಹೆಂಗಸರಿಗೆ ಎರಡು ವಿಧಾನ ಬೇಕು. ಸಂಶೋಧಕರ ಬಸ್ ಚಾರ್ಜು ಉಳಿಯುತ್ತದೆಂದು ಒಂದನ್ನು ಆರಿಸುವುದು ವಿಧಾನವಲ್ಲ, ಸೋಮಾರಿತನ.

ಹೇಳಿದ್ದು ಏನಾಯಿತೆಂಬುದೂ ಮುಖ್ಯ. ಆಯೋಗ 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಐದು ಗುಂಪು ಮಾಡಿ, ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದವರನ್ನು ಬೇರೆ ಗುಂಪಿನಲ್ಲಿಟ್ಟು ಶೇಕಡಾ 1 ಶಿಫಾರಸು ಮಾಡಿತು. ಆಗಸ್ಟ್ 19ರಂದು ಸಂಪುಟ ಅದನ್ನು ಬದಲಿಸಿ 6, 6, 5 ಎಂದು ಹಂಚಿತು. ಆ ಹಂಚಿಕೆಯ ಸರಿತಪ್ಪು ಬೇರೆ ಲೇಖನದ ಮಾತು. ಇಲ್ಲಿ ನೋಡಬೇಕಾದ್ದು, ಬಾಗಿಲಲ್ಲಿ ಎರಡು ನಿಮಿಷದಲ್ಲಿ ಆಡಿದ, ಆಡದೆ ನುಂಗಿದ ಒಂದು ಮಾತು ಮಕ್ಕಳ ನೌಕರಿಯವರೆಗೆ ಹೋಗುತ್ತದೆ ಎಂಬುದನ್ನು.

ಅದೇ ವರ್ಷ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ. ಮತ್ತೆ ಮೇಷ್ಟ್ರುಗಳೇ. ದಸರಾ ರಜೆಯೂ ಹೋಯಿತು. ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಆ ದಿನಗಳನ್ನು ನೆನಪಿಸಬೇಕಾಗಿಲ್ಲ. ಒಟಿಪಿ ಬರಲಿಲ್ಲ, ಸರ್ವರ್ ಎದ್ದೇಳಲಿಲ್ಲ. ಮನೆಯವರು ಮಾತಾಡುತ್ತಿದ್ದರೆ ಮೇಷ್ಟ್ರ ಕಣ್ಣು ಮೊಬೈಲಿನಲ್ಲಿ. ಎದುರು ಕೂತೂ ಎದುರು ಇರದ ಸ್ಥಿತಿ ಅದು. ತಪ್ಪು ಮೇಷ್ಟ್ರದಲ್ಲ, ಮನುಷ್ಯನ ಕೈಗೆ ಯಂತ್ರ ಕೊಟ್ಟು ಯಂತ್ರದ ವೇಗದಲ್ಲಿ ಕೇಳು ಎಂದವರದು. ಎರಡು ವಿಧಾನದ ದೋಷಗಳೂ ಒಂದಾದರೆ ಹೇಗಿರುತ್ತದೆ ಎಂಬುದನ್ನು ನಾವು ಆಗ ಕಂಡೆವು.

6

ಇನ್ನು ಉಳಿದದ್ದು, ಮಾತು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದೇ ದಿನದಲ್ಲಿ 24 ಜನ ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಎಂದು ಸರ್ಕಾರದ ಬಾಯಿಂದ ಮೊದಲು ಬಂತು. ಹೈಕೋರ್ಟು ನೇಮಿಸಿದ ಸಮಿತಿ ಕಡತ ತೆಗೆಸಿ ನೋಡಿದಾಗ ಆ ಲೆಕ್ಕ 36 ಆಯಿತು. ಮೂರು ಮೂವತ್ತಾರಾದದ್ದು ಹೋಗಿ ಕೆದಕಿದವರಿಂದ. ಲಾಕ್‌ಡೌನ್ ಇದ್ದರೂ ಹೋಗಬೇಕಾದ ಕಡೆಗೆ ಹೋಗಲೇಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸತ್ತವರ ಮನೆಯವರಿಂದ ಪತ್ರಿಕೆಯವರು, ಸಂಘಟನೆಯವರು, ಸಂಶೋಧಕರು ಎಷ್ಟು ಸಲ ಹೇಳಿಸಿದರೋ. ಹೇಳಿದಾಗಲೆಲ್ಲ ಆ ಮನೆಯವರು ಇನ್ನೊಮ್ಮೆ ಸಾಯಬೇಕು. ಹಾಗೆ ಹೇಳಿದ ಮಾತಿನ ಒಂದು ಪ್ರತಿಯಾದರೂ ಅವರ ಮನೆಯಲ್ಲಿ ಇರಬೇಡವೆ?

ಆದ್ದರಿಂದ ಇನ್ನು ಮುಂದೆ ನಮ್ಮ ಕೇರಿಗೆ ಬರುವವರಿಗೂ ಫೋನು ಮಾಡುವವರಿಗೂ ನಮ್ಮ ಕಡೆಯ ಷರತ್ತುಗಳಿವು. ಒಂದು, ಎದುರೋ ಫೋನೋ ಎಂಬುದನ್ನೂ, ಹೊತ್ತನ್ನೂ, ಜಾಗವನ್ನೂ ಹೇಳುವವರು ಆರಿಸಲಿ. ಎರಡು, ಯಾರು ಕರೆತಂದರು, ಎಲ್ಲಿ ಕೂತಿರಿ, ಕೇಳಿಸಿಕೊಳ್ಳುತ್ತಿದ್ದವರು ಇನ್ಯಾರು ಎಂಬುದನ್ನು ಪ್ರಬಂಧದಲ್ಲಿ ಬರೆಯಿರಿ. ಕುಡಿಯಲು ನೀರು ಕೊಟ್ಟಾಗ ಕುಡಿದಿರೋ ಇಲ್ಲವೋ ಎಂಬುದನ್ನೂ ಬರೆಯಿರಿ. ಮೂರು, ಆನ್‌ಲೈನ್ ಮಾಡಿದ್ದರೆ ಎಷ್ಟು ಜನ ಸಿಕ್ಕರು ಎಂಬುದರ ಪಕ್ಕದಲ್ಲೇ ಯಾರ್ಯಾರು ಸಿಗಲಿಲ್ಲ ಎಂಬುದನ್ನೂ ಬರೆಯಿರಿ. ನಾಲ್ಕು, ಕೂಲಿ ಬಿಟ್ಟು ಕೂತವರಿಗೆ ಆ ದಿನದ ಕೂಲಿ ಕೊಡಿ. ಅದು ಲಂಚವಲ್ಲ, ಬಾಕಿ. ಐದು, ಬರೆದದ್ದನ್ನು ನಮ್ಮ ಕನ್ನಡದಲ್ಲಿ ಓದಿ ಹೇಳಿ. ಇದನ್ನ ನಾನ್ ಹೇಳಿಲ್ಲ ಕನಪ್ಪ ಎಂದರೆ ಹೊಡೆದುಹಾಕಿ. ಆರು, ಒಂದು ಪ್ರತಿ ಊರ ಶಾಲೆಗೋ ಅಂಬೇಡ್ಕರ್ ಭವನಕ್ಕೋ ಕೊಡಿ.

ಈ ಷರತ್ತುಗಳು ಹೊರಗಿನವರಿಗೆ ಮಾತ್ರವಲ್ಲ. ಇವತ್ತು ಚಾಮರಾಜನಗರದಲ್ಲೇ ವಿಶ್ವವಿದ್ಯಾಲಯವಿದೆ. ಕೇರಿಯಿಂದ ಹೋಗಿ ಮೊದಲ ತಲೆಮಾರಿನ ಪದವಿ ಪಡೆದ ನಾವೇ ಪ್ರಶ್ನಾವಳಿ ಹಿಡಿದು ಕೇರಿಗೆ ಮರಳುತ್ತಿದ್ದೇವೆ. ನಮ್ಮವರೇ ಎಂದು ಬಾಗಿಲು ಬೇಗ ತೆರೆಯುತ್ತದೆ. ಆದರೆ ಬಲಗೈಯವರು ಎಡಗೈಯವರ ಬೀದಿಗೆ ಹೋಗಿ ಕೇಳುವಾಗ, ಗಂಡು ಹೆಣ್ಣನ್ನು ಕೇಳುವಾಗ, ಪ್ಯಾಂಟು ತೊಟ್ಟವರು ಪೋಡಿನವರನ್ನು ಕೇಳುವಾಗ ನಾವೂ ಒಂದು ಜಗಲಿಯ ಮೇಲೆಯೇ ಕೂತಿರುತ್ತೇವೆ. ಅಲ್ಲಿಂದ ಇಳಿಯುವುದನ್ನು ಯಾವ ವಿಧಾನದ ಪುಸ್ತಕವೂ ಕಲಿಸುವುದಿಲ್ಲ. ನಾವೇ ಕಲಿಯಬೇಕು.

ವಿದ್ಯಾರ್ಥಿ ಗೆಳೆಯರೇ, ಮೇಷ್ಟ್ರುಗಳೇ, ಮುಂದಿನ ಸಲ ನಿಮ್ಮ ಕೈಗೆ ಒಂದು ಲಿಂಕು ಬಂದು, ಇದನ್ನು ನಿಮ್ಮೂರಿನ ಗುಂಪಿಗೆ ಹಾಕಿ, ಹತ್ತು ಜನರಿಂದ ತುಂಬಿಸಿ ಎಂದು ಯಾರಾದರೂ ಕೇಳಿದರೆ, ತುಂಬಿಸುವ ಮೊದಲು ಈ ಷರತ್ತುಗಳನ್ನು ಅವರಿಗೆ ವಾಪಸ್ಸು ಕಳಿಸಿ. ಒಪ್ಪಿದರೆ ಹತ್ತಲ್ಲ, ನೂರು ಜನರನ್ನು ಮಾತಾಡಿಸಿ. ಒಪ್ಪದಿದ್ದರೆ, ಬಸ್ಸು ಇದೆ, ಬನ್ನಿ, ಕೇರಿಯಲ್ಲಿ ಕೂತು ಮಾತಾಡೋಣ ಎಂದು ಬರೆಯಿರಿ.